ನನ್ನ ಅನುಭವ: ಅಡಿಕೆ ಅಂಗಳದ ಕ್ಯಾಮೆರಾ ಮತ್ತು ಕೊನೆಗೂ ತೆರೆದ ಒಂದು ಪೋರ್ಟ್

"ಪೋರ್ಟ್ ಫಾರ್ವರ್ಡ್ ಎಲ್ಲ ಈಗ ಆಗಲ್ಲ ಸಾರ್, ಆ್ಯಪ್‌ನಲ್ಲೇ ನೋಡ್ಕೊಳ್ಳಿ" ಎಂದು ಕೇಬಲ್ ಹುಡುಗ ಹೇಳಿದ್ದ. ಹೊರಗಿನಿಂದ ಬರುವ ಸಂಪರ್ಕವನ್ನು ರೂಟರ್ ಮನೆಯೊಳಗಿನ ಒಂದು ಸಾಧನಕ್ಕೆ ದಾಟಿಸುವುದೇ ಪೋರ್ಟ್ ಫಾರ್ವರ್ಡ್. ಕ್ಯಾಮೆರಾ ಹಾಕಿದವರೂ ಅದನ್ನೇ ಹೇಳಿದರು. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲೇ ಇರುವ ನಮ್ಮ ಭಾವ ಕೂಡ "ಸುಮ್ನೆ ತಲೆ ಕೆಡಿಸ್ಕೋಬೇಡ ಮಾರಾಯ" ಎಂದರು. ಈಗ ಎಂಟು ತಿಂಗಳಾಯಿತು. ಸಾಗರದ ಹತ್ತಿರದ ನಮ್ಮ ಹಳ್ಳಿ ಮನೆಯ ಎನ್‌ವಿಆರ್ ಅನ್ನು (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಶಿವಮೊಗ್ಗದಲ್ಲಿ ಕೂತು ನೇರವಾಗಿ ನೋಡುತ್ತಿದ್ದೇನೆ. ಹಾಗಾಗಿ ಬರೆಯುತ್ತಿದ್ದೇನೆ.

ಆ್ಯಪ್ ಸಾಲದೇ ಎಂದು ಕೇಳಬಹುದು. ಲೈವ್ ಚಿತ್ರಕ್ಕೆ ಸಾಕು. ಆದರೆ ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿತು ಎಂದು ಅಪ್ಪಯ್ಯ ಫೋನ್ ಮಾಡಿದರೆ ಹಿಂದಿನ ಹತ್ತು ನಿಮಿಷದ ರೆಕಾರ್ಡಿಂಗ್ ಬೇಕು. ಆ್ಯಪ್‌ನಲ್ಲಿ ಅದು ತಿರುಗುತ್ತಲೇ ಇರುತ್ತದೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿದ್ದಾಗ ಆ ತಿರುಗಾಟ ನೋಡುತ್ತಾ ಕೂರಲು ಆಗುವುದಿಲ್ಲ.

ಮೊದಲ ಮೂರು ವಾರ ಪೂರ್ತಿ ದಂಡ. ಇಂಟರ್ನೆಟ್ ಕಂಪನಿಯ ಫೈಬರ್ ಡಬ್ಬಿ ಒಂದು ರೂಟರ್, ಅದರ ಹಿಂದೆ ನನ್ನದೊಂದು ರೂಟರ್. ಒಂದೇ ಹೊರಗಿನ ವಿಳಾಸವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚುವುದು ನ್ಯಾಟ್, ಇಲ್ಲಿ ಅದು ಎರಡು ಸಲ ಆಗುತ್ತಿದೆ (ಡಬಲ್ ನ್ಯಾಟ್) ಅಷ್ಟೇ ಅಂದುಕೊಂಡು ಎರಡರಲ್ಲೂ ಫಾರ್ವರ್ಡ್ ಹಾಕಿದೆ, ಡಬ್ಬಿಯಲ್ಲಿ ಡಿಎಂಝಡ್ (ಬಂದದ್ದನ್ನೆಲ್ಲ ಒಂದೇ ಸಾಧನಕ್ಕೆ ಕಳಿಸುವ ಆಯ್ಕೆ) ಕೂಡ ಕೊಟ್ಟೆ. ಏನೂ ಆಗಲಿಲ್ಲ. ಹಳೇ ರೂಟರ್ ಸರಿಯಿಲ್ಲ ಎಂದು 1,100 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಒಂದು ತಂದು ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಿದೆ. ಆಗಲೂ ಇಲ್ಲ. ಕೊನೆಗೆ ಫೈಬರ್ ಡಬ್ಬಿಯ ಸ್ಟೇಟಸ್ ಪುಟ ನೋಡಿದರೆ ವ್ಯಾನ್ (ಹೊರಗಿನ ಕಡೆಯ) ವಿಳಾಸ 100.72ರಿಂದ ಶುರು! 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಅದು ಸಿಜಿನ್ಯಾಟ್, ಅಂದರೆ ಒಂದೇ ಹೊರಗಿನ ವಿಳಾಸವನ್ನು ಕಂಪನಿಯೇ ಹಲವು ಗ್ರಾಹಕರಿಗೆ ಹಂಚುವುದು. 2012ರಿಂದ ಆ ಗುಂಪನ್ನು ಇದಕ್ಕೇ ಮೀಸಲಿಟ್ಟಿದ್ದಾರೆ. ನಮ್ಮ ಮನೆಯ ಎರಡು ಬಾಗಿಲು ತೆರೆದೇ ಇದ್ದವು, ಮೂರನೆಯದು ಕಂಪನಿಯ ಕಡೆ ಇತ್ತು. ಅದರ ಬೀಗ ನಮ್ಮ ಕೈಯಲ್ಲಿಲ್ಲ.

ಸ್ಟ್ಯಾಟಿಕ್ ಐಪಿ (ನಮಗೇ ಮೀಸಲಾದ, ಬದಲಾಗದ ಹೊರಗಿನ ವಿಳಾಸ) ಕೇಳಿದೆ. ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 2,400. ದುಡ್ಡು ಕಟ್ಟಿ ಐದಾರು ದಿನವಾದರೂ ಅದೇ 100.72. "ಆ್ಯಕ್ಟಿವ್ ಆಗಿದೆ ಸಾರ್" ಎಂಬ ಉತ್ತರ ನಾಲ್ಕು ಸಲ ಬಂತು. ಸಬ್‌ಸ್ಕ್ರೈಬರ್ ಐಡಿ ಓದಿ ಹೇಳಿ ಎಂದು ನಾನೇ ಹಟ ಹಿಡಿದಾಗ ಗೊತ್ತಾಯಿತು. ನಮ್ಮ ಹಳೇ ಕನೆಕ್ಷನ್ನಿನ ಐಡಿಗೆ ಐಪಿ ಹಾಕಿ ಕೂತಿದ್ದರು. ನೀವೂ ಐಡಿಯನ್ನು ಅವರ ಬಾಯಲ್ಲೇ ಓದಿಸಿ.

ಪಬ್ಲಿಕ್ ಐಪಿ ಬಂದ ಮೇಲೆ ಡಬ್ಬಿಯನ್ನು ಬ್ರಿಡ್ಜ್ ಮಾಡಿ (ರೂಟರ್ ಕೆಲಸ ಬಿಡಿಸಿ ಬರೀ ದಾರಿಯಾಗಿ ಮಾಡಿ), ಪಿಪಿಪಿಒಇ ಡಯಲ್ ಮಾಡುವ, ಅಂದರೆ ಕಂಪನಿಗೆ ಲಾಗಿನ್ ಆಗುವ ಕೆಲಸವನ್ನು ನನ್ನ ರೂಟರ್‌ಗೇ ಕೊಟ್ಟೆ. ಪಾಸ್‌ವರ್ಡ್ ಕೇಳಿದರೆ ಕೊಟ್ಟರು, ಸಂಪರ್ಕಕ್ಕೆ ಬೇಕಾದ ವಿಲ್ಯಾನ್ ನಂಬರ್ (ಫೈಬರ್ ಲೈನಿನಲ್ಲಿ ಇಂಟರ್ನೆಟ್ಟನ್ನು ಗುರುತಿಸುವ ಸಂಖ್ಯೆ) ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಹೇಗೆ ತೆಗೆದೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಅಪ್‌ಡೇಟ್‌ನಲ್ಲಿ ಆ ದಾರಿ ಮುಚ್ಚುತ್ತದೆ. ಒಂದು ಸಂಜೆ ಹಿಡಿಯಿತು ಅಷ್ಟೇ.

ಇಷ್ಟಾದರೂ ಪೋರ್ಟ್ ಮುಚ್ಚಿಯೇ ಇತ್ತು.

ಇಲ್ಲಿ ಹೆಚ್ಚಿನವರು ಕೈಬಿಡುತ್ತಾರೆ, ನಾನೂ ಎರಡು ದಿನ ಬಿಟ್ಟಿದ್ದೆ. ಮನೆಯ ವೈಫೈಯಲ್ಲಿ ಕೂತು ಹೊರಗಿನ ಐಪಿ ಹೊಡೆದು ನೋಡಿದರೆ ಪ್ರಯೋಜನವಿಲ್ಲ, ಹೇರ್‌ಪಿನ್ (ಒಳಗಿನಿಂದಲೇ ಹೊರಗಿನ ವಿಳಾಸ ಹೊಡೆದರೆ ವಾಪಸ್ ಒಳಗೆ ತಿರುಗಿಸುವ ಸೌಲಭ್ಯ) ಇಲ್ಲದ ರೂಟರ್‌ನಲ್ಲಿ ಅದು ಸುಳ್ಳು ಹೇಳುತ್ತದೆ. ಮೊಬೈಲ್ ಡೇಟಾದಿಂದಲೇ ನೋಡಬೇಕು. ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ, ತೋಟದ ದಣಪೆವರೆಗೆ (ಬೇಲಿಯ ಬಾಗಿಲವರೆಗೆ) ನಡೆಯಬೇಕು. ಹೀಗಾಗಿ ತಮ್ಮನನ್ನು ಅಲ್ಲಿ ನಿಲ್ಲಿಸಿ, ನಾನು ರೂಟರ್‌ನಲ್ಲಿ ಟಿಸಿಪಿಡಂಪ್ (ಹೋಗಿ ಬರುವ ಪ್ಯಾಕೆಟ್ ತೋರಿಸುವ ಸಾಧನ) ಓಡಿಸಿ ಕೂತೆ. "ಈಗ ಒತ್ತು" ಎಂದು ಕೂಗಿದೆ. ವ್ಯಾನ್ ಕಡೆ ಪ್ಯಾಕೆಟ್ ಬಂತು. ಲ್ಯಾನ್ (ಮನೆಯೊಳಗಿನ) ಕಡೆ ಎನ್‌ವಿಆರ್‌ಗೂ ಹೋಯಿತು. ವಾಪಸ್ ಮಾತ್ರ ಏನೂ ಇಲ್ಲ. ಅಂದರೆ ಕಂಪನಿ ಸರಿ, ರೂಟರ್ ಸರಿ, ಫಾರ್ವರ್ಡ್ ಸರಿ. ಎನ್‌ವಿಆರ್ ಉತ್ತರ ಕೊಡುತ್ತಿಲ್ಲ.

ಕಾರಣ ಗೇಟ್‌ವೇ, ಅಂದರೆ ಹೊರಗೆ ಹೋಗಲು ಯಾವ ರೂಟರ್‌ಗೆ ಕೊಡಬೇಕು ಎಂಬ ವಿಳಾಸ. ನಾನು ರೂಟರ್ ಬದಲಿಸಿದಾಗ ಲ್ಯಾನ್ ಅನ್ನು 192.168.10ಕ್ಕೆ ಒಯ್ದಿದ್ದೆ. ಎನ್‌ವಿಆರ್‌ನ ಐಪಿ ಬದಲಿಸಿದ್ದೆ, ಗೇಟ್‌ವೇ ಮಾತ್ರ ಹಳೇ 192.168.1.1 ಹಾಗೇ ಉಳಿದಿತ್ತು. ಮನೆಯೊಳಗೆ ನೋಡಲು ಗೇಟ್‌ವೇ ಬೇಡ, ಹಾಗಾಗಿ ಟಿವಿಯಲ್ಲಿ ಚೆನ್ನಾಗಿ ಬರುತ್ತಿತ್ತು. ಆ ವಾರವೇ ಆ್ಯಪ್ ಕೂಡ ನಿಂತಿತ್ತು, ಕ್ಯಾಮೆರಾದವರು ಸರ್ವರ್ ಡೌನ್ ಅಂದಿದ್ದರು. ಆ ಸುಳಿವನ್ನು ಹಿಡಿದಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು. ಗೇಟ್‌ವೇ ತಿದ್ದಿದ ತಕ್ಷಣ ತಮ್ಮ ದಣಪೆಯಿಂದ "ಬಂತೋ!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತ್ತು.

ಆದರೆ ಎನ್‌ವಿಆರ್ ಪೋರ್ಟನ್ನು ನೇರವಾಗಿ ತೆರೆದಿಡಬೇಡಿ. ನಾನು ಒಂದೇ ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಲಾಗ್‌ನಲ್ಲಿ ಎಲ್ಲೆಲ್ಲಿಂದಲೋ ನೂರಾರು ಲಾಗಿನ್ ಪ್ರಯತ್ನ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹರಡಿದ್ದೇ ಪಾಸ್‌ವರ್ಡ್ ಬದಲಿಸದ ಇಂಥ ಡಬ್ಬಿಗಳಿಂದ. ಆವತ್ತೇ ಮುಚ್ಚಿ, ಮೂಲೆಯಲ್ಲಿದ್ದ ಹಳೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ವೈರ್‌ಗಾರ್ಡ್ (ಕೀ ಇದ್ದವರಿಗಷ್ಟೇ ಒಳಗೆ ಬಿಡುವ ವಿಪಿಎನ್) ಹಾಕಿ, ಅದಕ್ಕೆ ಒಂದೇ ಒಂದು ಯುಡಿಪಿ ಪೋರ್ಟ್ ಕೊಟ್ಟೆ. ಯಾವ ನಂಬರ್ ಅಂತ ಕೇಳಬೇಡಿ, ಎಲ್ಲರೂ ಬಳಸುವ 51820 ಅಂತೂ ಅಲ್ಲ. ಪೋರ್ಟ್ ಚೆಕ್ ಮಾಡುವ ಸೈಟ್‌ಗಳು ಸಾಮಾನ್ಯವಾಗಿ ನೋಡುವುದು ಟಿಸಿಪಿ ಪೋರ್ಟ್ ಮಾತ್ರ, ಯುಡಿಪಿ ಅಲ್ಲ. ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಅಲ್ಲಿ "ಕ್ಲೋಸ್ಡ್" ಕಂಡರೆ ಗಾಬರಿ ಬೇಡ, ವೈರ್‌ಗಾರ್ಡ್‌ನ ಎರಡು ತುದಿಗಳ ನಡುವೆ ಹ್ಯಾಂಡ್‌ಶೇಕ್ (ಮೊದಲ ಪರಿಚಯ) ಆಯಿತಾ ಅಂತ ಮಾತ್ರ ನೋಡಿ.

ಇದರ ನಡುವೆ ಐಪಿವಿ6ನಲ್ಲೂ (ಪ್ರತಿ ಸಾಧನಕ್ಕೂ ತನ್ನದೇ ಹೊರಗಿನ ವಿಳಾಸ ಸಿಗುವ ಹೊಸ ಪದ್ಧತಿ) ಕೈ ಆಡಿಸಿದೆ. ಸ್ಟ್ಯಾಟಿಕ್ ಐಪಿ ದುಡ್ಡು ಉಳಿಯುತ್ತದೆ ಎಂಬ ಆಸೆ. ಫೈರ್‌ವಾಲ್‌ನಲ್ಲಿ ಒಂದು ರೂಲ್ ಹಾಕಿದರೆ ಸಾಕು, ನ್ಯಾಟ್ ತಂಟೆ ಇಲ್ಲ. ವೈರ್‌ಗಾರ್ಡ್ ಮೂಲಕ ಎನ್‌ವಿಆರ್‌ನ ಲಾಗಿನ್ ಪುಟ ಬಂತು, ವಿಡಿಯೊ ಬರಲಿಲ್ಲ. ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) ಸಮಸ್ಯೆ ಅದು. ಪಿಪಿಪಿಒಇಯಲ್ಲಿ ಸಿಗುವುದು 1492, ಐಪಿವಿ6 ಮೇಲೆ ವೈರ್‌ಗಾರ್ಡ್ 80 ತಿನ್ನುತ್ತದೆ, ಉಳಿಯುವುದು 1412. ವೈರ್‌ಗಾರ್ಡ್ ತಾನಾಗಿ ಇಡುವುದು 1420. ಆ ಎಂಟು ಬೈಟ್‌ಗೆ ಎರಡು ರಾತ್ರಿ ಹೋಯಿತು. 1280ಕ್ಕೆ ಇಳಿಸಿದೆ, ವಿಡಿಯೊ ಹರಿಯಿತು. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಫಿಕ್ಸ್ (ವಿಳಾಸದ ಮೊದಲ ಭಾಗ) ಬದಲಾಗುತ್ತಿತ್ತು. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಗೊತ್ತಲ್ವಾ. ಅದನ್ನು ಬಿಟ್ಟೆ, 1280 ಮಾತ್ರ ಹಾಗೇ ಇದೆ. ತಿಂಗಳಿಗೆ 450ರ ವಿಪಿಎಸ್ (ಬಾಡಿಗೆ ಸರ್ವರ್) ಮೂಲಕ ತಿರುಗಿಸುವ ದಾರಿಯನ್ನೂ ನಾಲ್ಕು ತಿಂಗಳು ನಡೆಸಿದೆ. ಕೆಲಸ ಮಾಡುತ್ತದೆ, ಸ್ಟ್ಯಾಟಿಕ್ ಐಪಿ ಸಿಗದವರಿಗೆ ಅದೇ ಸರಿ. ಆದರೆ ವರ್ಷದ ಲೆಕ್ಕದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ.

ಮೇ ತಿಂಗಳ ಸಿಡಿಲಿಗೆ ರೂಟರ್‌ನ ಒಂದು ಲ್ಯಾನ್ ಪೋರ್ಟ್ ಸುಟ್ಟಿತು. ಹೊಡೆತ ಬಂದದ್ದು ಅಂಗಳದ ಕ್ಯಾಮೆರಾದ ತಾಮ್ರದ ಕೇಬಲ್‌ನಿಂದ. ಈಗ ಆ 60 ಮೀಟರ್‌ಗೂ ಲೋಹದ ತಂತಿಯಿಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಲ್ಯಾನ್ ಕೇಬಲ್ ಜೋಡಿಸುವ ಸಾಧನ) ಇಟ್ಟಿದ್ದೇನೆ. ಎಲ್ಲ ಸೇರಿ 2,000ದ ಆಸುಪಾಸು. ಡಬ್ಬಿ, ರೂಟರ್, ಪೈ ಮೂರನ್ನೂ 12 ವೋಲ್ಟ್‌ನ ಚಿಕ್ಕ ಯುಪಿಎಸ್‌ಗೆ ಕೊಟ್ಟೆ, ಪೈಗೆ ನಡುವೆ 5 ವೋಲ್ಟ್‌ಗೆ ಇಳಿಸುವ ಬೋರ್ಡ್ ಇದೆ. ಮೊದಲು ಕರೆಂಟ್ ಬಂದ ಕೂಡಲೇ ಹಳೇ ಪಿಪಿಪಿಒಇ ಸೆಷನ್ ಅಲ್ಲೇ ಸಿಕ್ಕಿಕೊಂಡು ಹತ್ತು ನಿಮಿಷ ಡಯಲ್ ಆಗುತ್ತಿರಲಿಲ್ಲ, ಆ ಕಾಟ ನಿಂತಿತು. ಒಂದು ಸಲ ಚಾರ್ಜ್ ಆದರೆ ಮೂರೂವರೆ ಗಂಟೆ ಬರುತ್ತದೆ. ಮಳೆಗಾಲಕ್ಕೆ ಅದು ಸಾಲದು, ಇನ್ನೊಂದು ಬ್ಯಾಟರಿ ಜೋಡಿಸುವ ಕೆಲಸ ಈ ವಾರ ನಡೆದಿದೆ.