ದತ್ತ ಬರೆಯದೆ ಬಿಟ್ಟ ಲೆಕ್ಕ

ಸಹಕಾರ ಸಂಘದ ನೋಟಿಸ್ ಬಂದ ದಿನದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗತೊಡಗಿತು. ಜೊತೆಯಲ್ಲಿ ಪಾಠ ಮಾಡುತ್ತಿದ್ದವರೊಬ್ಬರು 2,40,000 ರೂಪಾಯಿ ಸಾಲ ತೆಗೆದಾಗ ಜಾಮೀನಿಗೆ ಸಹಿ ಹಾಕಿದ್ದೆ. ಅವರು ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಸಂಬಳ ಜಪ್ತಿಯಾಗುತ್ತದೆ, ಮಗಳ ಕಾಲೇಜು ನಿಲ್ಲುತ್ತದೆ, ಶಾಲೆಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ ಎಂದು ಕತ್ತಲಲ್ಲಿ ಒಂದಕ್ಕೆ ನಾಲ್ಕು ಸೇರಿಸುತ್ತ ಮಲಗಿರುತ್ತಿದ್ದೆ. "ಆಗುವುದು ಆಗುತ್ತದೆ, ಮಲಗು" ಎನ್ನುತ್ತಿದ್ದರು ಯಜಮಾನರು. ಅವರ ಕಾಳಜಿ ನಿಜ. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಆಪ್ತಸಮಾಲೋಚಕಿಯೊಬ್ಬರ ಬಳಿ ಹೋದೆ. ಚಿಂತೆ ಬಿಡಿ ಎಂದು ಅವರು ಹೇಳಲಿಲ್ಲ, ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತುಮಾಡಿ ಎಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನವಂತೆ: ದಿನಕ್ಕೆ ಅರ್ಧ ಗಂಟೆ, ಅದೇ ವೇಳೆ, ಅದೇ ಸ್ಥಳ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಗುರುತಿಸಿ ಆ ವೇಳೆಗೆ ಮುಂದೂಡಬೇಕು.

ನಾನು ಸಂಜೆ ಆರೂವರೆಯನ್ನು ಆರಿಸಿಕೊಂಡೆ. ಜಾಗ, ಹಿತ್ತಿಲ ಬಾಗಿಲ ಮೆಟ್ಟಿಲು. ಅಲ್ಲಿ ಕೂತು ಚಿಂತೆಗಳನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ಹಾಸಿಗೆಯಲ್ಲಿ ಕೂತು ಬರೆಯಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಹಗಲಲ್ಲಿ ಚಿಂತೆ ಹೊಕ್ಕರೆ ಕೈಯಲ್ಲಿದ್ದ ಪುಸ್ತಕದ ಅಂಚಿನಲ್ಲಿ ಒಂದೇ ಪದ ಗೀಚಿ ಪಾಠ ಮುಂದುವರಿಸುತ್ತಿದ್ದೆ. ಮೊದಲ ವಾರ ತುಂಬಾ ಕಷ್ಟವಾಯಿತು. ಆರೂವರೆ ಬರುವಷ್ಟರಲ್ಲಿ ದಣಿದಿರುತ್ತಿದ್ದೆ. ಎರಡನೆಯ ವಾರದಲ್ಲಿ ಒಂದು ಸಂಗತಿ ಕಂಡಿತು: ಬೆಳಗ್ಗೆ ಎದೆ ನಡುಗಿಸಿದ ಪದ ಸಂಜೆಗೆ ಎಷ್ಟೋ ಸಲ ನೆನಪಿಗೇ ಬರುತ್ತಿರಲಿಲ್ಲ.

ಭಾನುವಾರಗಳಲ್ಲಿ ಚಾಮುಂಡಿ ಬೆಟ್ಟ ಹತ್ತುವುದು ನನಗೆ ಹಳೆಯ ರೂಢಿ. ಸಾವಿರ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುತ್ತಿದ್ದೆ. ಗಡಿಬಿಡಿಯಲ್ಲಿ ಹತ್ತಿದರೆ ಕೆಳಗಿನ ಚಿಂತೆ ಹೊತ್ತುಕೊಂಡೇ ಮೇಲೆ ಮುಟ್ಟುತ್ತೇವೆ. ಆ ತಿಂಗಳ ನಾಲ್ಕನೆಯ ಭಾನುವಾರ, ಹರಕೆ ಹೊತ್ತ ಹೆಂಗಸೊಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹೋಗುತ್ತಿದ್ದರು. "ಅಕ್ಕಾ, ಈ ಬಟ್ಟಲು ಸ್ವಲ್ಪ ಹಿಡಿದುಕೊಳ್ಳುತ್ತೀರಾ? ಸೊಂಟ ಹಿಡಿದಿದೆ" ಎಂದರು. ಐವತ್ತು ಮೆಟ್ಟಿಲು ಅವರ ಜೊತೆ ಹೋದೆ. ಕಾಲು ಗಂಟೆಯೇ ಹಿಡಿಯಿತೇನೋ. ಒಂದು ಮೆಟ್ಟಿಲು, ಒಂದು ಬೊಟ್ಟು, ಮತ್ತೊಂದು ಮೆಟ್ಟಿಲು. ಅವರು ದಣಿವಾರಿಸಿಕೊಳ್ಳಲು ಕೂತಾಗ ನನ್ನ ಉಸಿರು ಹದವಾಗಿತ್ತು. ಎಷ್ಟೋ ದಿನಗಳ ಮೇಲೆ ಭುಜಗಳು ಕೆಳಗಿಳಿದಿದ್ದವು.

ಅಲ್ಲಿಂದ ಅದೇ ನಿಧಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಡೆದ ನಂದಿಯವರೆಗೆ ಹತ್ತಿದೆ. ಕೆಳಗೆ ಮೈಸೂರು ಹರಡಿಕೊಂಡಿತ್ತು. ಎತ್ತರದಿಂದ ನೋಡಿದರೆ ಕಷ್ಟ ಕಿರಿದಾಗುತ್ತದೆ ಎನ್ನುತ್ತಾರೆ, ನನಗೆ ಹಾಗಾಗಲಿಲ್ಲ. ಊರು ಚಿಕ್ಕದಾಯಿತು, ಸಾಲ ಚಿಕ್ಕದಾಗಲಿಲ್ಲ. ಚೀಲದಲ್ಲಿದ್ದ ನೋಟ್‌ಬುಕ್ ತೆಗೆದು ಮೊದಲ ಪುಟದಿಂದ ಓದಿದಾಗಲೇ ಕಣ್ಣು ತೆರೆದದ್ದು. ನಾಲ್ಕು ವಾರಗಳಲ್ಲಿ 31 ಬೇರೆ ಬೇರೆ ಭಯಗಳನ್ನು ಬರೆದಿದ್ದೆ. 19 ನಡೆದೇ ಇರಲಿಲ್ಲ. ಜಾಮೀನಿನ ಮಾತು ಮಾತ್ರ ಪುಟಪುಟಕ್ಕೂ ಇತ್ತು. ಪ್ರತಿ ಸಲವೂ 2,40,000. ಈಗ ಬಾಕಿ ಎಷ್ಟು ಎಂದು ಒಂದು ಕಡೆಯೂ ಕೇಳಿರಲಿಲ್ಲ!

ಗಣಿತ ಕಲಿಸುವವಳು ನಾನು. ದತ್ತ, ಅಂದರೆ ಲೆಕ್ಕದಲ್ಲಿ ಕೊಟ್ಟಿರುವ ವಿವರ, ಬರೆಯದೆ ಉತ್ತರಕ್ಕೆ ಹಾರಿದ ಮಕ್ಕಳಿಗೆ ಅಂಕ ಕಳೆಯುವವಳು. ಅಲ್ಲೇ ಕೂತು, ಬೇರೆ ಯಾರದೋ ಲೆಕ್ಕವೆಂಬಂತೆ ಬರೆದೆ: "ದತ್ತ: ಶಿಕ್ಷಕಿಯೊಬ್ಬಳು ಜಾಮೀನು ನಿಂತಿದ್ದಾಳೆ. ಸಾಲ 2,40,000. ಜಾಮೀನುದಾರರು ಇಬ್ಬರು. ಕಟ್ಟಿರುವ ಕಂತು? ಬಾಕಿ?" ನಾನು ಎಂಬ ಪದ ಹೋದ ಕೂಡಲೇ ಪ್ರಶ್ನೆಗಳು ತಾವಾಗಿಯೇ ಸಾಲುಗಟ್ಟಿದವು.

ಮರುದಿನ ಸಂಘಕ್ಕೆ ಹೋಗಿ ಖಾತೆಯ ವಿವರ ಪಡೆದೆ. ಬಡ್ಡಿ ಸೇರಿ ಬಾಕಿ ಇದ್ದದ್ದು 86,000. ವಕೀಲೆಯಾಗಿರುವ ಹಳೆಯ ವಿದ್ಯಾರ್ಥಿನಿಯನ್ನು ಕೇಳಿದೆ. "ಮಿಸ್, ಸಂಘ ನಿಮ್ಮೊಬ್ಬರಿಂದಲೇ ಪೂರ್ತಿ ಕೇಳಬಹುದು. ಆದರೆ ಜಾಮೀನುದಾರರ ನಡುವೆ ಹೊಣೆ ಸಮಪಾಲು, 1872ರ ಒಪ್ಪಂದ ಕಾಯ್ದೆಯಲ್ಲೇ ಇದೆ" ಎಂದಳು. ಇನ್ನೊಬ್ಬ ಜಾಮೀನುದಾರರೊಂದಿಗೆ ಕೂತು ಮಾತಾಡಿದೆ. ಅವರೂ ನನ್ನಂತೆಯೇ ಮೂರು ಗಂಟೆಗೆ ಏಳುತ್ತಿದ್ದರಂತೆ, ಪಾಪ.

ತಲಾ 43,000, ಹತ್ತು ಕಂತು. ನಾಲ್ಕು ಕಟ್ಟಿದ್ದೇನೆ. ಕಳೆದ ಭಾನುವಾರ ನಂದಿಯ ಬಳಿ ನೋಟ್‌ಬುಕ್ ತೆರೆದಾಗ ಆ ವಾರದ ಪುಟದಲ್ಲಿ ಎರಡೇ ಸಾಲುಗಳಿದ್ದವು, ಎರಡೂ ಹತ್ತನೆಯ ತರಗತಿಯ ಪರೀಕ್ಷೆಯ ಬಗ್ಗೆ.