ಹೊಸ ಲ್ಯಾಪ್‌ಟಾಪ್ ಕೈಕೊಟ್ಟರೆ ವಾಪಸ್ ಮಾಡುವುದು ಹೇಗೆ?

ಆನ್‌ಲೈನ್‌ನಲ್ಲಿ ತರಿಸಿದ ಲ್ಯಾಪ್‌ಟಾಪ್ ಸರಿಯಿಲ್ಲ ಎಂದು ಗೊತ್ತಾದ ಕೂಡಲೇ ಅನೇಕರು ತಯಾರಕ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಹಚ್ಚುತ್ತಾರೆ. ಎಡವುವುದು ಅಲ್ಲೇ. ಮಾರಿದವರ ರಿಟರ್ನ್ ಬೇರೆ, ತಯಾರಿಸಿದವರ ವಾರಂಟಿ ಬೇರೆ. ರಿಟರ್ನ್‌ನಲ್ಲಿ ಹಣ ಇಲ್ಲವೇ ಬೇರೆ ಹೊಸ ಯಂತ್ರ ಸಿಗುತ್ತದೆ, ಆದರೆ ಗಡುವು ಚಿಕ್ಕದು. ವಾರಂಟಿಯ ಅವಧಿ ದೊಡ್ಡದು, ಆದರೆ ಅಲ್ಲಿ ಸಿಗುವುದು ಬಹುತೇಕ ರಿಪೇರಿ. ‘ಅಪ್‌ಡೇಟ್ ಮಾಡಿ ನೋಡಿ’, ‘ಬಿಡಿಭಾಗ ಬರಬೇಕು, ಸ್ವಲ್ಪ ಕಾಯಿರಿ’ ಎಂಬ ಮಾತುಗಳಲ್ಲೇ ದಿನ ಕಳೆದು ರಿಟರ್ನ್ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಮೊದಲು ಆರ್ಡರ್ ಪುಟಕ್ಕೆ ಹೋಗಿ ರಿಟರ್ನ್ ಕೋರಿಕೆ ದಾಖಲಿಸಿ. ಉಳಿದ ಮಾತುಕತೆ ಆಮೇಲೆ.

ಅದೇ ಪುಟದಲ್ಲಿ ಎರಡು ವಿಷಯ ನೋಡಿಕೊಳ್ಳಿ: ಕೊನೆಯ ದಿನಾಂಕ ಯಾವುದು, ಮತ್ತು ಹಣ ವಾಪಸ್ ಕೊಡುತ್ತಾರೋ ಅಥವಾ ಬದಲಿ ಯಂತ್ರ ಮಾತ್ರವೋ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲವು ಮಾರಾಟಗಾರರು ದೋಷವನ್ನು ತಯಾರಕ ಕಂಪನಿಯೇ ದೃಢಪಡಿಸಿದ ಪತ್ರ ಕೇಳುತ್ತಾರೆ. ಕೇಳಿದರೆ ತರಿಸಿಕೊಡಿ, ಆದರೆ ಕೋರಿಕೆ ದಾಖಲಾದ ಮೇಲೆಯೇ.

ದೋಷ ಯಾವುದರದ್ದು?

ಇಡೀ ಪ್ರಕರಣ ನಿಲ್ಲುವುದು ಇದರ ಮೇಲೆ. ಪರದೆಯಲ್ಲಿ ಗೆರೆ ಬರುತ್ತಿದೆ ಎನ್ನಿ. ಯಂತ್ರವನ್ನು ಆಫ್ ಮಾಡಿ, ಮತ್ತೆ ಆನ್ ಮಾಡುವಾಗಲೇ ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ) ಪರದೆಗೆ ಹೋಗಿ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಗೆರೆ ಅಲ್ಲಿಯೂ ಕಂಡರೆ ‘ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಮತ್ತೆ ಹಾಕಿ’ ಎಂಬ ಸಲಹೆಗೆ ಅರ್ಥವೇ ಉಳಿಯುವುದಿಲ್ಲ, ಸಮಸ್ಯೆ ಹಾರ್ಡ್‌ವೇರ್‌ನದ್ದು. ಬೇರೆ ಮಾನಿಟರ್ ಜೋಡಿಸಿದಾಗ ಚಿತ್ರ ಸ್ವಚ್ಛವಾಗಿ ಬಂದರೆ ಪರದೆಯ ಅಥವಾ ಅದರ ಕೇಬಲ್‌ನ ದೋಷ, ಅಲ್ಲಿಯೂ ಗೆರೆ ಬಂದರೆ ಗ್ರಾಫಿಕ್ಸ್ ಭಾಗದ್ದು.

ಬಹಳಷ್ಟು ಯಂತ್ರಗಳ ಒಳಗೇ ಪರೀಕ್ಷಾ ಸಾಧನ ಇರುತ್ತದೆ. ಆನ್ ಆಗುವಾಗ ಎಚ್‌ಪಿಯಲ್ಲಿ ಎಫ್2 ಕೀ, ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್ ಆರಿಸಬೇಕು. ಆ್ಯಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದು, ಆಯ್ಕೆಗಳು ಕಂಡಾಗ ಕಮಾಂಡ್ ಮತ್ತು ಡಿ ಕೀ ಹಿಡಿಯಬೇಕು. ಮೆಮೊರಿ, ಡಿಸ್ಕ್, ಫ್ಯಾನ್‌ಗಳಲ್ಲಿ ದೋಷವಿದ್ದರೆ ಒಂದು ಕೋಡ್ ಬರುತ್ತದೆ. ಅದನ್ನು ಫೋಟೊ ತೆಗೆಯಿರಿ. ನಿಮ್ಮ ಹತ್ತು ಸಾಲಿನ ವಿವರಣೆಗಿಂತ ಆ ಕೋಡ್‌ಗೆ ಬೆಲೆ ಜಾಸ್ತಿ.

ಒಂದೆರಡು ಸತ್ತ ಪಿಕ್ಸೆಲ್ (ಪರದೆಯಲ್ಲಿ ಬೆಳಗದ ಚುಕ್ಕಿ) ಮಾತ್ರ ಕೊಂಚ ತಕರಾರಿನ ವಿಷಯ. ಐಎಸ್‌ಒ 9241-307 ಎಂಬ ಮಾನದಂಡ ಪರದೆಗಳನ್ನು ದರ್ಜೆಗಳಾಗಿ ವಿಂಗಡಿಸಿ, ಕೆಲವು ದರ್ಜೆಗಳಲ್ಲಿ ಇಂತಿಷ್ಟು ಪಿಕ್ಸೆಲ್ ದೋಷವನ್ನು ಒಪ್ಪಿಕೊಳ್ಳುತ್ತದೆ. ‘ಇದು ದೋಷವೇ ಅಲ್ಲ’ ಎಂಬ ಉತ್ತರ ಬರುವುದು ಇಂಥ ಮಿತಿಗಳ ಬಲದಿಂದ.

ದೂರು ಬರೆಯುವಾಗ

‘ಲ್ಯಾಪ್‌ಟಾಪ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ರೀಸ್ಟಾರ್ಟ್ ಮಾಡಿ ಎಂಬ ಸಿದ್ಧ ಉತ್ತರ ಬರುತ್ತದೆ. ಹೀಗೆ ಬರೆದು ನೋಡಿ: ‘ಚಾರ್ಜರ್ ತೆಗೆದ ತಕ್ಷಣ ಯಂತ್ರ ಆಫ್ ಆಗುತ್ತಿದೆ. ಬ್ಯಾಟರಿ 80% ತೋರಿಸುವಾಗಲೂ ಹೀಗೇ. ಬಯೋಸ್ ಪರದೆಯಲ್ಲಿದ್ದಾಗಲೂ ಆಗುತ್ತದೆ. ವಿಡಿಯೊ ಲಗತ್ತಿಸಿದ್ದೇನೆ. ಹಣ ವಾಪಸ್ ಬೇಕು.’ ಏನಾಗುತ್ತಿದೆ, ಯಾವಾಗ ಆಗುತ್ತಿದೆ, ನಿಮಗೇನು ಬೇಕು, ಮೂರೂ ಇದರಲ್ಲಿವೆ. ಓದಿದವರು ತಾವೇ ಚಾರ್ಜರ್ ಕಿತ್ತು ನೋಡಬಹುದು.

ಫೋನ್‌ಗಿಂತ ಚಾಟ್ ಅಥವಾ ಇಮೇಲ್ ವಾಸಿ, ದಾಖಲೆ ಉಳಿಯುತ್ತದೆ. ಫೋನಿನಲ್ಲೇ ಮಾತಾಡಬೇಕಾಗಿ ಬಂದರೆ ದೂರಿನ ಸಂಖ್ಯೆ ಪಡೆದು, ‘ನೀವು ಈಗ ಹೇಳಿದ್ದು ಇಷ್ಟು’ ಎಂದು ಒಂದು ಇಮೇಲ್ ಕಳಿಸಿಬಿಡಿ. ತಂತ್ರಜ್ಞರು ಪರೀಕ್ಷೆಗೆ ಬಂದರೆ ಬೇಡ ಎನ್ನಬೇಡಿ, ಅಷ್ಟಕ್ಕೇ ಕೋರಿಕೆ ರದ್ದಾಗಬಹುದು. ಆದರೆ ಯಂತ್ರ ಬಿಚ್ಚಿ ರಿಪೇರಿ ಮಾಡಲು ಒಪ್ಪುವ ಮುನ್ನ, ಒಪ್ಪಿದರೆ ರಿಟರ್ನ್ ಹಕ್ಕು ಉಳಿಯುತ್ತದೆಯೇ ಎಂದು ಬರಹದಲ್ಲಿ ಕೇಳಿ. ನೀವಾಗಿಯೇ ಸ್ಕ್ರೂ ಬಿಚ್ಚುವ ಸಾಹಸ ಬೇಡವೇ ಬೇಡ.

ಕೊಟ್ಟುಬಿಡುವ ಮುನ್ನ

ಕಡತಗಳನ್ನು ನಕಲು ಮಾಡಿಕೊಂಡು, ವಿಂಡೋಸ್‌ನ ರಿಸೆಟ್ ಆಯ್ಕೆಯಲ್ಲಿ ‘ಎಲ್ಲವನ್ನೂ ಅಳಿಸು’ ಎಂಬುದನ್ನು ಆರಿಸಿ. ಮ್ಯಾಕ್ ಆದರೆ ಕಳೆದ ಯಂತ್ರವನ್ನು ಹುಡುಕಿಕೊಡುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಆ್ಯಕ್ಟಿವೇಶನ್ ಲಾಕ್ ಉಳಿದು ಯಂತ್ರ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ, ನಿಮ್ಮ ಹಣವೂ ತಡೆಯಾಗಬಹುದು. ಯಂತ್ರ ಆನ್ ಆಗುತ್ತಲೇ ಇಲ್ಲವೇ? ಹಾಗಿದ್ದರೆ ಬೇರೆ ಸಾಧನದಿಂದ ನಿಮ್ಮ ಖಾತೆಗೆ ಹೋಗಿ ಈ ಲ್ಯಾಪ್‌ಟಾಪನ್ನು ಪಟ್ಟಿಯಿಂದ ತೆಗೆದು, ಪಾಸ್‌ವರ್ಡ್‌ಗಳನ್ನು ಬದಲಿಸಿ.

ಚಾರ್ಜರ್, ಕೇಬಲ್, ಜೊತೆಗೆ ಉಚಿತವಾಗಿ ಬಂದ ಬ್ಯಾಗ್, ಎಲ್ಲವೂ ಮೂಲ ಪೆಟ್ಟಿಗೆಗೆ ವಾಪಸ್ ಹೋಗಬೇಕು. ಯಂತ್ರದ ಅಡಿಯಲ್ಲಿರುವ ಸೀರಿಯಲ್ ನಂಬರ್ ಪೆಟ್ಟಿಗೆಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಪ್ಯಾಕ್ ಮಾಡುವ ವಿಡಿಯೊದಲ್ಲಿ ಎರಡೂ ಕಾಣಿಸಲಿ. ಒಯ್ಯುವವರಿಂದ ರಸೀದಿ ಬರದೆ ಪೆಟ್ಟಿಗೆ ಬಾಗಿಲು ದಾಟಬಾರದು.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ. ಟಚ್‌ಪ್ಯಾಡ್ ಮೇಲೆದ್ದಿರುವುದು, ಮುಚ್ಚಳ ಸರಿಯಾಗಿ ಕೂರದಿರುವುದು ಅದರ ಲಕ್ಷಣ. ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಒತ್ತಬೇಡಿ, ಮಾಮೂಲಿ ಕೊರಿಯರ್‌ಗೂ ಕೊಡಬೇಡಿ. ಅಪಾಯಕಾರಿಯಾಗಿ ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವುದಕ್ಕೆ ಅಂತಾರಾಷ್ಟ್ರೀಯ ನಿಷೇಧವಿದೆ. ಮಾರಾಟಗಾರರಿಗೆ ಈ ಸಂಗತಿ ತಿಳಿಸಿ, ಸಾಗಣೆಯ ವ್ಯವಸ್ಥೆಯನ್ನು ಅವರಿಂದಲೇ ಮಾಡಿಸಿ.

ಹಣ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕಂತಿನಲ್ಲಿ ಕೊಂಡಿದ್ದರೆ ಸಾಲ ಮುಚ್ಚಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ, ಲ್ಯಾಪ್‌ಟಾಪ್ ಹೋದ ಮೇಲೂ ಕಂತು ಕಡಿತವಾಗುತ್ತಿರುವುದುಂಟು. ರಿಟರ್ನ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ದೂರನ್ನು ಮೇಲಿನ ಹಂತಕ್ಕೆ ಒಯ್ಯಿರಿ. ಕಾರ್ಡ್‌ನಲ್ಲಿ ಪಾವತಿಸಿದವರಿಗೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಪಾವತಿಯನ್ನು ಪ್ರಶ್ನಿಸಿ ಹಣ ಹಿಂಪಡೆಯುವುದನ್ನು, ಕೋರುವ ದಾರಿಯೂ ಇದೆ. ಅದಕ್ಕೂ ಗಡುವು ಇರುವುದರಿಂದ ಮಾರಾಟಗಾರರ ‘ಪರಿಶೀಲನೆಯಲ್ಲಿದೆ’ ಎಂಬ ಸಂದೇಶಗಳನ್ನೇ ನಂಬಿ ಕೂರದೆ, ಕೊನೆಯ ದಿನ ಯಾವುದೆಂದು ಬ್ಯಾಂಕಿನಿಂದ ಮೊದಲೇ ತಿಳಿದುಕೊಳ್ಳಿ.