ಕಲಬುರಗಿ ಬಿಸಿಲಿನಲ್ಲಿ ಸ್ಲ್ಯಾಬಿಗೆ ನೀರು ಉಣಿಸುವುದು

ನನಗೀಗ 84. ಬದುಕೆಲ್ಲಾ ಸಿವಿಲ್ ಇಂಜಿನಿಯರ್ ಆಗಿ ದುಡಿದವನು. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿರುವ ಮೊಮ್ಮಗಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಲ್ವಾ? ಕಾಂಕ್ರೀಟನ್ನು ನಸುಕಿನಲ್ಲೋ ಸಂಜೆಯೋ ಹಾಕಿಸಿ. ಗಟ್ಟಿಯಾಗತೊಡಗಿದ ಕೂಡಲೇ ಒದ್ದೆ ಗೋಣಿಚೀಲ ಹೊದಿಸಿ. ಬಿಸಿಗಾಳಿಗೆ ಬಿಟ್ಟರೆ ಕೂದಲೆಳೆಯಂಥ ಬಿರುಕು ಬರುತ್ತದೆ. ಮರುದಿನ ಹೊಲದ ಮಡಿಯ ಹಾಗೆ ಸಣ್ಣ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. ಕನಿಷ್ಠ 10 ದಿನ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಾದರೆ 14 ದಿನ ಒಳ್ಳೆಯದು. ಸುಮ್ನೆ ಪೈಪಿನಿಂದ ಚಿಮುಕಿಸಿದರೆ ಸಾಲದು. ಗೋಣಿ ಒಣಗಿದೆಯಾ ಅಂತ ನೀವೇ ಹತ್ತಿ, ಕೈಯಿಂದ ಮುಟ್ಟಿ ನೋಡಿ.

ನಮ್ಮ ಮನೆ ಕಟ್ಟುವಾಗ ನಲ್ಲಿ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಾನೂ ನನ್ನಾಕೆಯೂ ಕೊಡದಲ್ಲಿ ನೀರು ಹೊತ್ತು ಏಣಿ ಹತ್ತುತ್ತಿದ್ದೆವು. ಅವಳು ಮೊದಲ ಕೊಡ ಸುರಿಯುವಾಗ ‘ಶರಣಬಸವಾ’ ಅನ್ನುತ್ತಿದ್ದಳು. ಸೋಮವಾರ ಮಾತ್ರ ಇನ್ನೂ ಬೇಗ ಏಳುತ್ತಿದ್ದೆವು, ಗುಡಿಗೆ ಹೋಗಬೇಕಲ್ಲ. ಆ ಮಾಳಿಗೆ ಇವತ್ತಿಗೂ ಸೋರಿಲ್ಲ.

ಇನ್ನೊಂದು ಮಾತು. ಕೋಣೆಯ ಅಗಲ ಹದಿನೈದು ಅಡಿ ಮುಟ್ಟಿದರೆ ಕೆಳಗಿನ ಆಸರೆ ಕಂಬಗಳನ್ನು 14 ದಿನಕ್ಕೆ ಮುಂಚೆ ತೆಗೆಸಬೇಡಿ. ಮೇಸ್ತ್ರಿ ಅವಸರ ಮಾಡಿದರೂ ಬೇಡ.